ಕ್ಲಿಕ್ಕಿಗೆ ಕಾಸು: ಒಂದು ಪುಸ್ತಕ, ಮೂರು ವರ್ಷದ ಜಾಹೀರಾತು

ಸ್ಟಾರ್ ಐದಕ್ಕೆ ಮೂರು. ಮೊದಲ ವರ್ಷ ಕೇಳಿದ್ದರೆ ಒಂದು ಕೊಡುತ್ತಿದ್ದೆ, ಅದೂ ಸೊನ್ನೆ ಕೊಡೋಕೆ ಜಾಗ ಇಲ್ಲ ಅಂತ.

ಪುಸ್ತಕದಿಂದ ಹಿಡಿದು ಬಟ್ಟೆ ಸೋಪಿನವರೆಗೆ ಎಲ್ಲವನ್ನೂ ಮಾರುವ ದೊಡ್ಡ ಆನ್‌ಲೈನ್ ಅಂಗಡಿಯೊಂದರ ಜಾಹೀರಾತು ಸೇವೆ ಇದು. ಹೆಸರು ಬೇಡ. ಸ್ವಂತವಾಗಿ ಪುಸ್ತಕ ಪ್ರಕಟಿಸಿದವರಿಗೆ ಗೊತ್ತೇ ಇರುತ್ತೆ, ಇಂಥ ಸೇವೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಯಾರಾದರೂ ಏನಾದರೂ ಹುಡುಕಿದಾಗ ನಿಮ್ಮ ಪುಸ್ತಕ ತೋರಿಸುತ್ತಾರೆ. ಒತ್ತಿದರೆ ನಿಮ್ಮ ದುಡ್ಡು ಹೋಗುತ್ತೆ, ಕೊಂಡರೂ ಸರಿ, ಬಿಟ್ಟರೂ ಸರಿ. ಕ್ಯಾಂಪೇನ್ ಶುರು ಮಾಡೋದು ಹೇಗೆ ಅನ್ನೋದನ್ನೆಲ್ಲ ನಾನು ಬರೆಯಲ್ಲ, ಅದಕ್ಕೆ ಬೇಕಾದಷ್ಟು ವಿಡಿಯೊ ಇವೆ. ನನ್ನ ದುಡ್ಡು ತಿಂದ ಒಂದು ಪದದ ಕಥೆ ಹೇಳಬೇಕಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಈ ಸೇವೆ ಹಿಡಿದಿದ್ದು ನಾಚಿಕೆಯಿಂದ. ಕಾದಂಬರಿ ಬಂದ ಮೊದಲ ತಿಂಗಳು ಎಲ್ಲರೂ ಮಾಡೋದನ್ನೇ ಮಾಡಿದೆ. ಮುಖಪುಟದ ಫೋಟೊ ಹಾಕಿದೆ. ವಾಟ್ಸ್ಯಾಪ್ ಗುಂಪುಗಳಿಗೆ ಲಿಂಕ್ ಕಳಿಸಿದೆ. ಮೊದಲ ಸಲ ಐವತ್ತು ಜನ ಕೈಮುಗಿದರು, ಎರಡನೇ ಸಲ ಹದಿನೈದು, ಮೂರನೇ ಸಲ ಒಬ್ಬರು ಗುಂಪು ಬಿಟ್ಟರು. ನನ್ನ ಬೆನ್ನು ನಾನೇ ತಟ್ಟಿಕೊಂಡು ಕೈ ನೋಯುತ್ತಿತ್ತು. ಯಂತ್ರಕ್ಕಾದರೆ ನಾಚಿಕೆ ಇಲ್ಲ, ಅಲ್ವಾ? ದಿನಕ್ಕೆ ಸಾವಿರ ಸಲ ನನ್ನ ಪುಸ್ತಕ ತೋರಿಸಿದರೂ ಅದು ಮುಖ ತಗ್ಗಿಸಲ್ಲ. ನಾನು ದುಡ್ಡು ಕೊಟ್ಟಿದ್ದು ಅದಕ್ಕೆ.

ಈಗ ಆ ಪದ. ಕಾದಂಬರಿಯಲ್ಲಿ ಒಬ್ಬಳು ಅಮ್ಮ ಇದ್ದಾಳೆ, ಅಂಗಡಿಗಳಿಗೆ ಬೋರ್ಡ್ ಬರೆಯುವವಳು. ಅವಳ ಕೈಮೇಲೆ ಹಳೆಯ ಸುಟ್ಟ ಗಾಯದ ಗುರುತು. ಹಾಗಾಗಿ ಪುಸ್ತಕದ ಹೆಸರಿನಲ್ಲಿ 'ಕಲೆ' ಅನ್ನೋ ಪದ ಇಟ್ಟಿದ್ದೆ. ಎರಡೂ ಅರ್ಥ ಬರುತ್ತೆ, ಎಂಥ ಶ್ಲೇಷೆ ಅಂತ ಒಳಗೊಳಗೇ ಬೀಗಿದ್ದೆ. ಓದಿದ ಒಬ್ಬಿಬ್ಬರು ಹೊಗಳಿಯೂ ಇದ್ದರು.

ಯಂತ್ರ ಮೂರನೇ ಅರ್ಥ ಹುಡುಕಿತು.

ಮೊದಲ ತಿಂಗಳ ಲೆಕ್ಕ ಇಲ್ಲಿದೆ. 63 ಕ್ಲಿಕ್, 2 ಪ್ರತಿ. ಒಂದು ಪ್ರತಿ ಮಾರಾಟವಾದರೆ ನನಗೆ ಬರುವ ಪಾಲು ಆಗ ಸುಮಾರು 8 ಕ್ಲಿಕ್ಕಿಗೆ ಸಮ. ಅಂದರೆ ಎಂಟು ಜನ ಒತ್ತಿದರೆ ಅವರಲ್ಲಿ ಒಬ್ಬರಾದರೂ ಕೊಳ್ಳಬೇಕು. ಇಲ್ಲದಿದ್ದರೆ ಕೈಯಿಂದ ಹೋಗುತ್ತೆ. ನನಗೆ ಮೂವತ್ತು ಜನರಿಗೆ ಒಬ್ಬರು. ಪುಸ್ತಕವೇ ಚೆನ್ನಾಗಿಲ್ಲವೇನೋ ಅಂತ ಎರಡು ವಾರ ನಿದ್ದೆ ಬರಲಿಲ್ಲ. ಮುಖಪುಟ ಬದಲಿಸೋಣ ಅಂತ ಹೊರಟೆ. ಆಮೇಲೆ ಒಂದು ದಿನ, ಮೂಲೆಯಲ್ಲಿದ್ದ ಒಂದು ಬಟನ್ ಒತ್ತಿ 'ಹುಡುಕಿದ ಪದಗಳ ವರದಿ' ಡೌನ್‌ಲೋಡ್ ಮಾಡಿದೆ. ಕೀವರ್ಡ್ ಅಂತ ನಾವು ಕೊಟ್ಟ ಪದ ಬೇರೆ. ಜನ ನಿಜವಾಗಿ ಟೈಪ್ ಮಾಡಿದ್ದು ಬೇರೆ. ಈ ವರದಿಯಲ್ಲಿ ಬರೋದು ಎರಡನೆಯದು. ಅದರಲ್ಲಿ ಹೀಗಿತ್ತು:

ಮುಖದ ಕಲೆ ಹೋಗಲು ಕ್ರೀಮ್.
ಬಿಳಿ ಅಂಗಿ ಇಂಕಿನ ಕಲೆ.
ಮೊಡವೆ ಕಲೆ ಒಂದೇ ವಾರದಲ್ಲಿ.
ಸೋಫಾ ಕಲೆ ತೆಗೆಯುವ ಪುಡಿ.

ಮೊಡವೆ ಕಲೆಗೆ ಔಷಧಿ ಹುಡುಕುತ್ತಿದ್ದ ಹನ್ನೊಂದು ಜನ ನನ್ನ ಕಾದಂಬರಿ ಒತ್ತಿದ್ದಾರೆ. ಹನ್ನೊಂದು ಜನ! ಏನಂದುಕೊಂಡು ಒತ್ತಿದರು? ಮುಖಪುಟದಲ್ಲಿ ಒಬ್ಬ ಹೆಂಗಸಿನ ಮುಖ ಇದೆ ನಿಜ, ಆದರೆ ಅದು ಅಷ್ಟೇನೂ ಹೊಳೆಯಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯೋದು ಅಂತಾರಲ್ಲ, ನಾನು ಒಂದು ತಿಂಗಳು ಬಜೆಟ್ ಇಟ್ಟು, ಕ್ರಮವಾಗಿ, ದಿನದಿನವೂ ತೊಳೆದಿದ್ದೆ.

ತಪ್ಪು ಅರ್ಧ ನನ್ನದೇ. ಕೀವರ್ಡನ್ನು 'ಬ್ರಾಡ್' ಅಂತ ಬಿಟ್ಟಿದ್ದೆ. ಹಾಗೆ ಬಿಟ್ಟರೆ ಆ ಪದ ಎಲ್ಲಿ, ಯಾವುದರ ಜೊತೆ ಬಂದರೂ ಜಾಹೀರಾತು ಓಡುತ್ತೆ. 'ಎಕ್ಸಾಕ್ಟ್' ಅಂತ ಕೊಟ್ಟರೆ ಹೆಚ್ಚುಕಮ್ಮಿ ಅದೇ ಪದಕ್ಕೆ ಮಾತ್ರ. ಆದರೆ ಹೊಸಬರಿಗೆ ಮೊದಲು ಕಣ್ಣಿಗೆ ಬೀಳುವುದು ಬ್ರಾಡ್ ಯಾಕೆ? ಕ್ಯಾಂಪೇನಿಗೆ ಕೊನೆಯ ದಿನಾಂಕ ಖಾಲಿ ಯಾಕೆ? ಒಂದು ವಾರ ಜ್ವರ ಬಂದು ಮಲಗಿದ್ದಾಗ ಇದು ನಿಲ್ಲದೆ ಓಡುತ್ತಲೇ ಇತ್ತು. ಕೇಳಿದ್ದಕ್ಕೆ ಸಹಾಯ ವಿಭಾಗದಿಂದ 'ನಿಮ್ಮ ಕ್ಯಾಂಪೇನ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಬಜೆಟ್ ಹೆಚ್ಚಿಸಿ' ಅಂತ ಉತ್ತರ ಬಂತು. ಕೆಲಸ ಮಾಡುತ್ತಿತ್ತು, ನಿಜ. ಯಾರಿಗೆ ಅನ್ನೋದು ಪ್ರಶ್ನೆ.

ಬಿಡ್, ಅಂದರೆ ಒಂದು ಕ್ಲಿಕ್ಕಿಗೆ ನಾವು ಕೂಗುವ ದರ, ಅದರ ವಿಷಯದಲ್ಲೂ ಪೆಟ್ಟು ತಿಂದೆ. ಕ್ಲಿಕ್ಕಿಗೆ ಇಷ್ಟು ಅಂತ ಹರಾಜು ಕೂಗುವ ಪದ್ಧತಿಯನ್ನು 1998ರಲ್ಲಿ ಗೋಟು ಡಾಟ್ ಕಾಮ್ ಅನ್ನೋ ಹುಡುಕುತಾಣ ಶುರು ಮಾಡಿತು. ಅಲ್ಲಿ ಕೂಗಿದಷ್ಟೂ ಕೊಡಬೇಕಿತ್ತು. 2002ರಲ್ಲಿ ಗೂಗಲ್ ಅದನ್ನು ತಿದ್ದಿತು. ಗೆದ್ದವರು ತಮ್ಮ ಕೆಳಗಿನವರನ್ನು ದಾಟೋಕೆ ಎಷ್ಟು ಬೇಕೋ ಅಷ್ಟು ಕೊಟ್ಟರೆ ಸಾಕು. ಇದರ ಬೇರು ವಿಲಿಯಂ ವಿಕ್ರಿ ಅನ್ನೋ ಅರ್ಥಶಾಸ್ತ್ರಜ್ಞ 1961ರಲ್ಲಿ ಬರೆದ ಪ್ರಬಂಧದಲ್ಲಿದೆ. ಅವರಿಗೆ 1996ರಲ್ಲಿ ನೊಬೆಲ್ ಬಂತು, ಘೋಷಣೆಯಾದ ಮೂರೇ ದಿನಕ್ಕೆ ತೀರಿಕೊಂಡರು. ಹೆಸರು ಬರೋ ಹೊತ್ತಿಗೆ ಮನುಷ್ಯ ಇರಲ್ಲ ಅನ್ನೋದು ಬರೀ ಲೇಖಕರ ಗೋಳು ಅಂದುಕೊಂಡಿದ್ದೆ.

ಇದನ್ನೆಲ್ಲ ಓದಿ ನನಗೆ ಧೈರ್ಯ ಬಂತು. ಹೇಗೂ ಪೂರ್ತಿ ಕೊಡಬೇಕಾಗಿಲ್ಲ, ಜಾಸ್ತಿಯೇ ಕೂಗೋಣ ಅಂತ ಕೂಗಿದೆ. ನನ್ನ ಹಾಗೇ ಓದಿ ಧೈರ್ಯ ತಂದುಕೊಂಡವರು ಇನ್ನೂ ನಾಲ್ಕು ಜನ ಇದ್ದರು ಅಂತ ಕಾಣುತ್ತೆ. ಮಧ್ಯಾಹ್ನದೊಳಗೆ ದಿನದ ಬಜೆಟ್ ಖಾಲಿ.

ಆದರೂ ನಿಜವಾಗಿ ಹೊಟ್ಟೆ ಉರಿದಿದ್ದು ತಂಗಿ ಫೋನ್ ಮಾಡಿದ ದಿನ.

"ಅಕ್ಕಾ, ನಿನ್ನ ಪುಸ್ತಕದ ಹೆಸರು ಹಾಕಿದೆ ನೋಡು, ಎಲ್ಲಕ್ಕಿಂತ ಮೇಲೆ ಬಂತು! ಒತ್ತಿ ತಗೊಂಡೂ ಆಯ್ತು."

"ಹೆಸರಿನ ಮೇಲೆ ಸಣ್ಣಗೆ 'ಜಾಹೀರಾತು' ಅಂತ ಇತ್ತಾ?"

"ಇತ್ತು. ಯಾಕೆ?"

"ನೀನು ಒತ್ತಿದ್ದಕ್ಕೆ ನಾನು ದುಡ್ಡು ಕೊಟ್ಟೆ ಮಾರಾಯ್ತಿ."

ಅದರ ಕೆಳಗೇ ಜಾಹೀರಾತಲ್ಲದ ಲಿಂಕ್ ಇತ್ತು. ಅದನ್ನೇ ಒತ್ತಿದ್ದರೆ ಪುಕ್ಕಟೆ. ಪುಸ್ತಕದ ಪೂರ್ತಿ ಹೆಸರು ಟೈಪ್ ಮಾಡುವಷ್ಟು ಗೊತ್ತಿರುವವರು ಹೇಗೂ ಬರುತ್ತಾರೆ. ಅವರನ್ನು ಕರೆತಂದೆ ಅಂತ ಸೇವೆ ತನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತೆ. ದೊಡ್ಡ ಕಂಪನಿಗಳಿಗೂ ಇದೇ ಅನುಮಾನ ಬಂದಿದೆ. ಈಬೇ ಅನ್ನೋ ಆನ್‌ಲೈನ್ ಮಾರುಕಟ್ಟೆ ತನ್ನ ಹೆಸರಿನ ಪದಗಳಿಗೆ ಕೊಡುತ್ತಿದ್ದ ಜಾಹೀರಾತನ್ನು ನಿಲ್ಲಿಸಿ ನೋಡಿತ್ತು. ಬರುವವರು ಹೆಚ್ಚುಕಮ್ಮಿ ಅಷ್ಟೇ ಬಂದರು, ಸುಮ್ನೆ ಕೆಳಗಿನ ಲಿಂಕ್ ಒತ್ತಿಕೊಂಡು. ಆ ಪ್ರಯೋಗದ ಪ್ರಬಂಧ 2015ರಲ್ಲಿ ಪ್ರಕಟವಾಗಿದೆ. ಅಂದಿನಿಂದ ನನ್ನ ಹೆಸರನ್ನೂ ಪುಸ್ತಕದ ಹೆಸರನ್ನೂ ಬೇಡದ ಪದಗಳ ಪಟ್ಟಿಗೆ (ಇವನ್ನು ಹುಡುಕಿದವರಿಗೆ ಜಾಹೀರಾತು ತೋರಿಸಬೇಡ ಅನ್ನೋ ಪಟ್ಟಿ) ಹಾಕಿದೆ. ಮಾರಾಟ ಕಡಿಮೆಯಾಗಲಿಲ್ಲ. ತಂಗಿ ಪ್ರೀತಿಯಿಂದ ಐದು ಸ್ಟಾರ್ ವಿಮರ್ಶೆಯನ್ನೂ ಬರೆದಿದ್ದಳು, ಎರಡು ದಿನಕ್ಕೆ ಅದು ಮಾಯ. ಮನೆಯವರು ಬರೆಯಬಾರದು ಅಂತ ನಿಯಮ. ಅದು ಸರಿಯಾದ ನಿಯಮವೇ, ಅದರ ಬಗ್ಗೆ ನನ್ನ ತಕರಾರಿಲ್ಲ.

ಇಷ್ಟಾದ ಮೇಲೆ ಬಿಟ್ಟುಬಿಡಬೇಕಿತ್ತು. ಬಿಡದಿರಲು ಕಾರಣ ಅದೇ ವರದಿ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಎಲ್ಲರೂ ಏಳುವ ಮುಂಚೆ ನಾನು ಅದನ್ನು ತೆಗೆಯುತ್ತೇನೆ. ಫೈಲ್ ತೆರೆದರೆ ಮೊದಲು ಬರೀ ಅಂಕಿಗಳ ಕಾಡು. ಅಂಕಿಯ ಕಾಲಮ್ಮುಗಳನ್ನೆಲ್ಲ ಮರೆಮಾಡಿ ಪದಗಳ ಕಾಲಮ್ ಒಂದನ್ನೇ ಉಳಿಸಿಕೊಳ್ಳುತ್ತೇನೆ. ಅಕ್ಷರ ಸ್ವಲ್ಪ ದೊಡ್ಡದು ಮಾಡುತ್ತೇನೆ. ಕ್ರೀಮು, ಪುಡಿ, ಸೋಪು ಬಂದರೆ ಕೆಂಪು ಬಳಿದು ಬೇಡದ ಪಟ್ಟಿಗೆ ತಳ್ಳುತ್ತೇನೆ. ಆ ಪಟ್ಟಿಯಲ್ಲಿ ಈಗ 214 ಪದ ಇವೆ. ಬಟ್ಟೆ ಒಗೆಯುವ ಅಂಗಡಿ ಇಟ್ಟರೆ ನನಗೆ ಮಾರುಕಟ್ಟೆ ಅಧ್ಯಯನ ಬೇಕಾಗಿಲ್ಲ. ಉಳಿದ ಸಾಲುಗಳನ್ನು ಒಂದೊಂದಾಗಿ ಓದುತ್ತೇನೆ. ಮನಸ್ಸಿಗೆ ಹಿಡಿಸಿದ್ದನ್ನು ಒಂದು ಹಳೆಯ ರೂಲ್ ನೋಟ್‌ಬುಕ್ಕಿಗೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತೇನೆ. ಕಾಪಿ ಪೇಸ್ಟ್ ಮಾಡಬಹುದು. ಆದರೆ ಕೈಯಲ್ಲಿ ಬರೆದಾಗ ಯಾರೋ ಹೇಳಿ ಬರೆಸಿದ ಹಾಗೆ ಅನ್ನಿಸುತ್ತೆ.

ಎರಡನೇ ವರ್ಷ ಒಂದು ಭಾನುವಾರ ಈ ಸಾಲು ಸಿಕ್ಕಿತು: 'ಅಮ್ಮನ ಜೊತೆ ಮಾತು ಬಿಟ್ಟ ಮಗಳ ಕಥೆ'. ಒಂದು ಕ್ಲಿಕ್, ಒಂದು ಪ್ರತಿ.

ಪೆನ್ಸಿಲ್ ಕೆಳಗಿಟ್ಟೆ. ನನ್ನ ಕಾದಂಬರಿ ಅದೇ. ಅಷ್ಟೇ. ಆದರೆ ಅಂಗಡಿಯ ಪುಟದಲ್ಲಿ ನಾನು ಬರೆದಿದ್ದ ಪರಿಚಯ ಏನು ಗೊತ್ತಾ? 'ಮಾನವ ಸಂಬಂಧಗಳ ಸೂಕ್ಷ್ಮ ಎಳೆಗಳನ್ನು ಬಿಡಿಸಿಡುವ ಅಪರೂಪದ ಕೃತಿ.' ನಾಲ್ಕು ದಿನ ಕೂತು ಬರೆದಿದ್ದೆ ಅದನ್ನು. ಸೂಕ್ಷ್ಮ ಎಳೆ ಬೇಕು ಅಂತ ಯಾರಾದರೂ ಹುಡುಕುತ್ತಾರಾ? ರಾತ್ರಿ ಎಷ್ಟೋ ಹೊತ್ತಿಗೆ, ಯಾರ ಹತ್ತಿರವೂ ಹೇಳಿಕೊಳ್ಳೋಕೆ ಆಗದೆ, ಅಂಗಡಿಯ ಹುಡುಕು ಡಬ್ಬಿಯಲ್ಲಿ ಹೀಗೆ ಟೈಪ್ ಮಾಡುತ್ತಾರೆ. ಹಗಲೂ ಆಗಿರಬಹುದು, ವರದಿಯಲ್ಲಿ ಹೊತ್ತು ಬರೆದಿರಲ್ಲ. ನನಗೆ ಮಾತ್ರ ರಾತ್ರಿ ಅಂತಲೇ ಅನ್ನಿಸುತ್ತೆ.

ಅವತ್ತೇ ಪರಿಚಯ ಅಳಿಸಿದೆ. 'ಅಮ್ಮ ಬೋರ್ಡ್ ಬರೆಯುತ್ತಾಳೆ. ಮಗಳು ಆರು ವರ್ಷದಿಂದ ಅವಳ ಜೊತೆ ಮಾತಾಡಿಲ್ಲ' ಅಂತ ಶುರು ಮಾಡಿದೆ. ಉಳಿದ ವಾಕ್ಯಗಳಿಗೂ ನೋಟ್‌ಬುಕ್ಕಿನ ಪದಗಳನ್ನೇ ಎತ್ತಿಕೊಂಡೆ. 'ಅಳಿಸುವ ಕಾದಂಬರಿ ಬೇಡ', 'ಕೊನೆಗೆ ಸರಿಹೋಗುವ ಕಥೆ', 'ದೊಡ್ಡ ಅಕ್ಷರದ ಪುಸ್ತಕ ಅಮ್ಮನಿಗೆ'. ಈ ಕೊನೆಯದನ್ನು ನೋಡಿ ದೊಡ್ಡ ಅಕ್ಷರದ ಮುದ್ರಣವನ್ನೂ ಮಾಡಿಸಿದೆ. ತಿಂಗಳಿಗೆ ನಾಲ್ಕೈದು ಪ್ರತಿ ಹೋಗುತ್ತೆ, ಜಾಹೀರಾತೇ ಇಲ್ಲದೆ.

ಈಗ 11 ಕ್ಲಿಕ್ಕಿಗೆ ಒಂದು ಪ್ರತಿ ಹೋಗುತ್ತಿದೆ. ಬಿಡ್ ಇಳಿಸಿರುವುದರಿಂದ ನನ್ನ ಪಾಲೂ ಸುಮಾರು 11 ಕ್ಲಿಕ್ಕಿಗೆ ಬಂದು ನಿಂತಿದೆ. ಲಾಭ ಇಲ್ಲ, ನಷ್ಟ ಇಲ್ಲ. ಬಿಡ್ ಇಳಿಸಿದ್ದಕ್ಕೆ ಪುಸ್ತಕ ಕಾಣಿಸಿಕೊಳ್ಳೋದೂ ಕಡಿಮೆಯಾಯಿತು, ಅದು ಬೇರೆ. ಇದೇ ಸೇವೆಯಿಂದ ಚೆನ್ನಾಗಿ ದುಡಿಯುವವರೂ ಇದ್ದಾರೆ. ಅವರ ಹತ್ತಿರ ಐದಾರು ಪುಸ್ತಕದ ಸರಣಿ ಇರುತ್ತೆ. ಮೊದಲನೆಯದನ್ನು ನಷ್ಟಕ್ಕೆ ಮಾರಿದರೂ, ಹಿಡಿಸಿದವರು ಉಳಿದ ನಾಲ್ಕೈದನ್ನು ಜಾಹೀರಾತಿಲ್ಲದೆ ಕೊಳ್ಳುತ್ತಾರೆ. ನನ್ನ ಹತ್ತಿರ ಇರೋದು ಒಂದೇ. ನಿಮ್ಮ ಹತ್ತಿರವೂ ಒಂದೇ ಇದ್ದರೆ, ಕಳೆದುಕೊಂಡರೂ ಮನೆಯಲ್ಲಿ ಜಗಳ ಆಗದಷ್ಟು ದುಡ್ಡು ಮಾತ್ರ ಹಾಕಿ. ನಾನು ಪುಸ್ತಕದಿಂದ ಬಂದದ್ದರಲ್ಲಿ ಮೂರನೇ ಒಂದು ಭಾಗ ಮೀರಲ್ಲ.

ಇನ್ನು ಬೈಯೋದು ಬಾಕಿ ಇದೆ. ವರದಿ ಎರಡು ತಿಂಗಳಿಗಿಂತ ಹಳೆಯದು ಸಿಗಲ್ಲ, ಇಳಿಸಿಕೊಳ್ಳದಿದ್ದರೆ ಹೋಯಿತು. ಮೊಬೈಲ್ ಆ್ಯಪ್‌ನಲ್ಲಿ ಆ ಬಟನ್ನೇ ಇಲ್ಲ. ಮೊದಲ ವರ್ಷದ ಸಾಲುಗಳು ನನ್ನ ಹತ್ತಿರ ಇಲ್ಲ ಅನ್ನೋದು ಈಗಲೂ ಚುಚ್ಚುತ್ತೆ, ಮೊಡವೆಯವರ ಮಧ್ಯೆ ಇನ್ನೂ ಯಾರ್‍ಯಾರು ಇದ್ದರೋ. ಅದಕ್ಕೇ ಎರಡು ಸ್ಟಾರ್ ಕಟ್.

ಹೋದ ಭಾನುವಾರದ ವರದಿಯಲ್ಲಿ ನನ್ನ ಪುಸ್ತಕದ ಹೆಸರು ತಪ್ಪು ಕಾಗುಣಿತದಲ್ಲಿ ಇತ್ತು. ಕಾಗುಣಿತ ತಪ್ಪಿದ್ದರಿಂದಲೇ ಬೇಡದ ಪಟ್ಟಿಯ ಕಣ್ಣುತಪ್ಪಿಸಿ ಬಂದಿದೆ. ಹೆಸರಿನ ಮುಂದೆ 'ಎರಡನೇ ಭಾಗ ಬಂತಾ' ಅಂತ ಇದೆ. ಹಿಂದಿನ ವಾರವೂ ಅದೇ ಸಾಲು, ಅದೇ ತಪ್ಪು. ಒಬ್ಬರೇ ಇರಬೇಕು. ಎರಡು ಕ್ಲಿಕ್, ಪ್ರತಿ ಸೊನ್ನೆ. ಕೊಳ್ಳೋಕೆ ಎರಡನೇ ಭಾಗ ಇದ್ದರೆ ತಾನೆ. ಆ ಸಾಲಿಗೆ ಕೆಂಪು ಬಳಿದಿಲ್ಲ. ಒತ್ತಲಿ.