ಹಳೇ 407ಕ್ಕೆ 70 ಸ್ಕ್ವೇರ್ ಎಂಎಂ ಬ್ಯಾಟರಿ ಕೇಬಲ್: 26 ತಿಂಗಳ ಬಳಕೆ

ಕೇಬಲ್‌ಗೆ ಪೂರ್ತಿ ಅಂಕ. ಅದರ ತುದಿಗೆ ಕಚ್ಚಿಸಿ ಕೊಟ್ಟ, ಬ್ಯಾಟರಿಯ ಗೂಟ ಹಿಡಿಯುವ ಟರ್ಮಿನಲ್‌ಗೆ ಸೊನ್ನೆ.

ಸೆಟ್‌ನಲ್ಲಿ ಬರುವುದು ಎರಡೇ ತುಂಡು. ಪ್ಲಸ್‌ಗೆ ಒಂದೂವರೆ ಮೀಟರ್, ಮೈನಸ್‌ಗೆ 80 ಸೆಂಟಿಮೀಟರ್. ಒಳಗೆ ಕೂದಲಿನಂಥ ತಾಮ್ರದ ಎಳೆ, ಮೇಲೆ ದಪ್ಪ ರಬ್ಬರು, ಅಂದರೆ ವೆಲ್ಡಿಂಗ್ ಕೇಬಲ್ಲೇ. ಆಗ ಕೊಟ್ಟದ್ದು 2,600 ರೂಪಾಯಿ. ಹಾಕಿರುವುದು ಹಳೇ ಮುಖದ ಟಾಟಾ 407 ಸಣ್ಣ ಲಾರಿಗೆ. 1986ರಲ್ಲಿ ರಸ್ತೆಗಿಳಿದ ಈ ಗಾಡಿಯದು 12 ವೋಲ್ಟ್, ಮಧ್ಯೆ ಕಂಪ್ಯೂಟರ್ ಗೀಂಪ್ಯೂಟರ್ ಏನೂ ಇಲ್ಲ. ಹಾಗಾಗಿ ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್) ಎಳೆಯದಿದ್ದರೆ ಹುಡುಕಬೇಕಾದ ಜಾಗಗಳು ಬೆರಳೆಣಿಕೆ.

ಸೆಲ್ಫ್ ತಿರುಗುವಾಗ 300 ಆಂಪಿಯರ್ ಹರಿಯಿತು ಎಂದುಕೊಳ್ಳಿ. 35 ಸ್ಕ್ವೇರ್ ಎಂಎಂ ದಪ್ಪದ ತಾಮ್ರದಲ್ಲಿ ಎರಡು ಮೀಟರಿಗೆ ಸುಮಾರು 0.33 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ, 70ರಲ್ಲಿ 0.16. ಬೆಳಗಿನ ಚಳಿಯಲ್ಲಿ ಈ ವ್ಯತ್ಯಾಸ ಕಿವಿಗೇ ಕೇಳುತ್ತದೆ. ಆದರೆ ಅಗ್ಗದ ಸೆಟ್‌ಗಳಲ್ಲಿ ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ಇರುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಅಲ್ಲೇ ವಾಪಸ್ ಕೊಡಿ. ಈ ಸೆಟ್‌ನಲ್ಲಿ ಒಳಗೂ ಕೆಂಪೇ.

ಮೊದಲ ವರ್ಷ ದೂರಲು ಏನೂ ಇರಲಿಲ್ಲ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಸೆಲ್ಫ್ ಮತ್ತೆ ಕಟ್‌ಕಟ್ ಎನ್ನತೊಡಗಿತು. ಇಂಥ ಹೊತ್ತಲ್ಲಿ ಎಲ್ಲರೂ ಹೇಳುವ ಮಾತು ‘ಬ್ಯಾಟರಿ ಹೋಗಿದೆ, ಬದಲಿಸಿ’. ಬ್ಯಾಟರಿ ನಿಂತಾಗ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಮೇಲೆ ಇದ್ದರೆ ತಪ್ಪು ಅದರದಲ್ಲ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಇಂಜಿನ್ ಹತ್ತದಂತೆ ಸ್ಟಾಪ್ ನಾಬ್ ಎಳೆದಿಟ್ಟು, ಒಬ್ಬರು ಐದು ಸೆಕೆಂಡ್ ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಅಳೆಯಬೇಕು. ಮೀಟರಿನ ಒಂದು ವಯರಿನ ಮೊನೆ ಬ್ಯಾಟರಿಯ ಸೀಸದ ಗೂಟದ ಮೇಲೇ ಇರಲಿ, ಟರ್ಮಿನಲ್ ಮೇಲೆ ಬೇಡ. ಪ್ಲಸ್ ಗೂಟದಿಂದ ಸೆಲ್ಫ್‌ನ ಸ್ಟಡ್‌ವರೆಗೆ 0.5 ದಾಟಬಾರದು. ಮೈನಸ್ ಗೂಟದಿಂದ ಸೆಲ್ಫ್‌ನ ಮೈಗೆ 0.2 ಇದ್ದರೆ ಚೆಂದ, 0.3 ದಾಟಿದರೆ ಹುಡುಕಾಟ ಶುರು.

ಹಾಕಿದ ದಿನ ಮೈನಸ್ ಕಡೆ ಬಂದದ್ದು 0.15. ಈಗ 0.38. ತುಂಡುತುಂಡಾಗಿ ಅಳೆದರೆ ಗೂಟದಿಂದ ಟರ್ಮಿನಲ್‌ಗೇ 0.21, ಕೇಬಲ್‌ನ ಈ ತುದಿಯಿಂದ ಆ ತುದಿಗೆ 0.08, ಕೇಬಲ್ ತುದಿಯ ಲಗ್‌ನಿಂದ (ಬೋಲ್ಟ್ ಹಾಕುವ ರಂಧ್ರವಿರುವ ಲೋಹದ ತುದಿ) ಚಾಸಿಗೆ 0.03, ಚಾಸಿಯಿಂದ ಇಂಜಿನ್‌ಗೆ 0.06. ಅರ್ಧಕ್ಕಿಂತ ಹೆಚ್ಚು ನಷ್ಟ ಬೆರಳಗಲದ ಜಾಗದಲ್ಲಿ! ಹಿತ್ತಾಳೆ ಟರ್ಮಿನಲ್ ತೀರಾ ತೆಳು. ಎರಡು ಸಲ ಬಿಗಿ ಮಾಡಿದರೆ ಅಗಲವಾಗಿ, ಬಾಯಿಯ ಎರಡೂ ತುಟಿ ಒಂದಕ್ಕೊಂದು ತಾಗಿಬಿಡುತ್ತವೆ. ಆಮೇಲೆ ಬೋಲ್ಟ್ ಬಿಗಿ, ಗೂಟ ಸಡಿಲ. ಮೈನಸ್ ಗೂಟ ಪ್ಲಸ್‌ಗಿಂತ ಒಂದೂವರೆ ಮಿಲಿಮೀಟರ್ ಸಣ್ಣ, ಆದ್ದರಿಂದ ರೋಗ ಅಲ್ಲೇ ಮೊದಲು. ಸಡಿಲಾದ ಸಂದಿಗೆ ಮೊಳೆ ತುರುಕುವ ನಮ್ಮವರ ಉಪಾಯ ಸಂತೆಗೆ ಹೋಗಿಬರಲು ಸಾಕು, ಸೀಸಕ್ಕೆ ಹಳ್ಳ ಬೀಳುತ್ತದೆ. ಲಗ್ ಮೇಲೆ ಹೊದಿಸಿದ ಕೊಳವೆಯಲ್ಲಿ (ಸ್ಲೀವ್) ಅಂಟಿಲ್ಲ, ನೀರು ಇಳಿದು ಒಳಗೆ ಹಸಿರು ಕಿಲುಬು.

ಇನ್ನೊಂದು ತಕರಾರು, ಇದು ಬಹುಪಾಲು ಸೆಟ್‌ಗಳ ಮೇಲೂ: ಇಂಜಿನ್ ಮತ್ತು ಚಾಸಿ ನಡುವಿನ ಹೆಣೆದ ಅರ್ತ್ ಪಟ್ಟಿ ಕೊಡುವುದಿಲ್ಲ. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ಮೈನಸ್ ಕೇಬಲ್ ಚಾಸಿಗೆ ಹೋಗಿರುವ ಗಾಡಿಯಲ್ಲಿ ಆ ಪಟ್ಟಿ ಇಲ್ಲದಿದ್ದರೆ ಕರೆಂಟು ಎಕ್ಸಲೇಟರ್ ಕೇಬಲ್, ಸ್ಟಾಪ್ ಕೇಬಲ್ ಹಿಡಿದು ವಾಪಸ್ ಬರುತ್ತದೆ. ಸೆಲ್ಫ್ ಹೊಡೆದ ಮೇಲೆ ಅವು ಬಿಸಿಯಾಗಿದ್ದರೆ ಇದೇ ಕಾರಣ. ಇಂಜಿನ್ ಇಳಿಸಿ ಕಟ್ಟಿದ ಗಾಡಿಗಳಲ್ಲಿ ಪಟ್ಟಿ ಮೂಲೆ ಸೇರಿರುವುದೇ ಹೆಚ್ಚು. ಕ್ಯಾಬಿನ್‌ಗೂ ಬೇರೆ ಅರ್ತ್ ಬೇಕು. ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಜಿಗಿದರೆ ಮೊದಲು ನೋಡುವುದು ಅದನ್ನೇ. ಮೀನು ಹೊರುವ ಗಾಡಿಗಳಲ್ಲಂತೂ ಉಪ್ಪುನೀರು ಚಾಸಿಗೆ ಇಳಿದು ಅರ್ತ್ ಬೋಲ್ಟನ್ನೇ ತಿನ್ನುತ್ತದೆ.

ರಿಪೇರಿಗೆ ಆದ ಖರ್ಚು 500ರ ಒಳಗೆ. ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪ್ಲಸ್ ಬಿಚ್ಚುವಾಗ ಪಾನಾ ಚಾಸಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೇ ಬ್ರಷ್‌ನಿಂದ ಬಿಳಿ ಪುಡಿ ತೊಳೆಯಿರಿ, ಬ್ಯಾಟರಿಯ ಸೆಲ್ ಒಳಗೆ ಒಂದು ಹನಿಯೂ ಬೀಳಬಾರದು. ಹಿತ್ತಾಳೆ ಟರ್ಮಿನಲ್ ಕತ್ತರಿಸಿ, ಕಪ್ಪಾದ ಎಳೆಯೂ ಹೋಗುವಷ್ಟು ಹಿಂದಕ್ಕೆ ಸರಿದು, ತವರ ಬಳಿದ 70ರ ಲಗ್ ಹಾಕಿಸಿ. ಸುತ್ತಿಗೆಯಿಂದ ಜಜ್ಜುವವರ ಹತ್ತಿರ ಬೇಡ. ಪ್ಯಾನಲ್ ಬೋರ್ಡ್ ಮಾಡುವವರ ಹತ್ತಿರ ಹೈಡ್ರಾಲಿಕ್ ಪ್ರೆಸ್ ಇರುತ್ತದೆ, ಅಲ್ಲಿ ಒತ್ತಿಸಿ. ಆ ಲಗ್ಗನ್ನು ದಪ್ಪ ಸೀಸದ ಟರ್ಮಿನಲ್‌ಗೆ ಬೋಲ್ಟ್ ಮಾಡಿ. ಚಾಸಿಯಲ್ಲಿ ಲಗ್‌ಗಿಂತ ಸ್ವಲ್ಪ ಅಗಲಕ್ಕೆ ಬಣ್ಣ ಕೆರೆದು, ಕಬ್ಬಿಣ ಹೊಳೆಯುವಾಗಲೇ ಹಲ್ಲಿನ ವಾಷರ್ ಕೊಟ್ಟು ಬಿಗಿ ಮಾಡಿ, ಆಮೇಲೆ ಹೊರಗಿನಿಂದ ವ್ಯಾಸಲೀನ್. ಎಲ್ಲ ಮುಗಿದ ಮೇಲೆ ಮೀಟರ್ ತೋರಿಸಿದ್ದು 0.14.

ಈಗ ತಿಂಗಳಿಗೊಮ್ಮೆ ಉಳಿದಿರುವ ಕೆಲಸ ಹಿತವಾದದ್ದು. ಬೆಳಗಿನ ಮೊದಲ ಸ್ಟಾರ್ಟ್ ಆದ ತಕ್ಷಣ ಬ್ಯಾಟರಿ ಪೆಟ್ಟಿಗೆ ತೆರೆದು, ಬೆರಳಿನ ಹಿಂಬದಿಯಿಂದ ಎರಡೂ ಟರ್ಮಿನಲ್, ಚಾಸಿ ಬೋಲ್ಟ್, ಪಟ್ಟಿಯ ಎರಡು ತುದಿ ಮುಟ್ಟುತ್ತ ಹೋಗುವುದು. ತಣ್ಣಗಿದ್ದರೆ ಮುಚ್ಚಳ ಹಾಕಿ. ಒಂದು ಬೆಚ್ಚಗಿದ್ದರೆ ಮೀಟರ್ ತನ್ನಿ.

ಮತ್ತೆ ಕೊಳ್ಳುವುದಾದರೆ ಸೆಟ್ ಬೇಡ. ಇದೇ ಕೇಬಲ್ ಮೀಟರ್ ಲೆಕ್ಕದಲ್ಲಿ, ಲಗ್ ಬೇರೆ, ಸೀಸದ ಟರ್ಮಿನಲ್ ಬೇರೆ. ಲಗ್‌ನ ರಂಧ್ರ 8 ಮಿಲಿಮೀಟರ್ ಬೇಕೋ 10 ಬೇಕೋ ಎಂದು ಸೆಲ್ಫ್‌ನ ಸ್ಟಡ್ ಅಳೆದುಕೊಂಡೇ ಅಂಗಡಿಗೆ ಹೋಗಿ. ಎರಡು ಕೇಬಲ್ಲೂ ಕಪ್ಪು, ಪ್ಲಸ್‌ಗೆ ಸುತ್ತಿ ಕೊಟ್ಟ ಕೆಂಪು ಟೇಪು ಮೊದಲ ಬೇಸಿಗೆಗೇ ಅಂಟು ಬಿಟ್ಟಿತ್ತು. ಹೊಸ ಟೇಪಿನ ಒಂದು ಸುರುಳಿಯೂ ಕೊಳ್ಳುವ ಸಾಮಾನಿನ ಪಟ್ಟಿಯಲ್ಲಿರಲಿ.