ಬ್ರ್ಯಾಡ್‌ಗೇಟ್ ಬಿಟ್ಟು ಇನ್ನೆಲ್ಲಿ? ಲೆಸ್ಟರ್ ಸುತ್ತ ಮನೆಮಂದಿಯೆಲ್ಲ ನಡೆಯಬಹುದಾದ ಕಾಡುಗಳು

ಏಪ್ರಿಲ್ ಮುಗಿಯುತ್ತಿದ್ದಂತೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮವರ ಮನೆಗಳಿಗೆ ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರಲು ಶುರು. ಬಂದವರನ್ನು ಮೊದಲ ಶನಿವಾರ ಎಲ್ಲರೂ ಕರೆದುಕೊಂಡು ಹೋಗುವ ಜಾಗ ಒಂದೇ, ಬ್ರ್ಯಾಡ್‌ಗೇಟ್ ಪಾರ್ಕ್. ಅದರಲ್ಲಿ ತಪ್ಪೇನಿಲ್ಲ. ಸುಮಾರು 850 ಎಕರೆ ಜಾಗ, ಹಿಂಡು ಹಿಂಡು ಜಿಂಕೆ, ಜೇನ್ ಗ್ರೇ ರಾಣಿಯ ಮನೆತನದ ಹಾಳು ಬಂಗಲೆ, ಗುಡ್ಡದ ಮೇಲೆ ಓಲ್ಡ್ ಜಾನ್ ಗೋಪುರ. ನೋಡಲೇಬೇಕಾದ ಜಾಗ. ಆದರೆ ಬಿಸಿಲು ಬಿದ್ದ ಭಾನುವಾರ ಅಲ್ಲಿ ಕಾರು ನಿಲ್ಲಿಸೋದೇ ಒಂದು ದೊಡ್ಡ ಕೆಲಸ. ಮಕ್ಕಳು ಗೋಪುರ ಹತ್ತೋಣ ಅಂತ ಓಡುತ್ತಾರೆ, ಮಂಡಿ ನೋವಿನವರು ಕೆಳಗೇ ಉಳಿಯುತ್ತಾರೆ. ಒಟ್ಟಿಗೆ ಹೋದವರು ಎರಡು ಪಾಲಾಗಿ ನಡೆದು ಬರುತ್ತಾರೆ.

ನಮ್ಮ ತಂಡ ಹೇಗಿದೆ ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ತೀರ್ಪೆಲ್ಲ ಅದರ ಮೇಲೇ ನಿಂತಿದೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ತಕರಾರು. ಅಮ್ಮ ಎಷ್ಟು ಬೇಕಾದರೂ ನಡೆಯುತ್ತಾರೆ, ಆದರೆ ಕೆಸರು ಕಂಡರೆ ಅಲ್ಲೇ ನಿಲ್ಲುತ್ತಾರೆ. ಮಗಳಿಗೆ ಎಂಟು ವರ್ಷ, ದಾರಿಯಲ್ಲಿ ನೋಡಲು ಏನಾದರೂ ಇರಬೇಕು. ಮಗ ಇನ್ನೂ ಬಗ್ಗಿಯಲ್ಲಿ, ಅಂದರೆ ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಯಲ್ಲಿ. ಈ ನಾಲ್ವರೂ ಒಂದೇ ದಾರಿಯಲ್ಲಿ ನಡೆಯಬೇಕು. ಅಷ್ಟೇ ಪರೀಕ್ಷೆ.

ಲೆಸ್ಟರ್‌ನ ಉತ್ತರ ಮತ್ತು ಪಶ್ಚಿಮಕ್ಕೆ ಇಂಥ ದಾರಿಗಳು ಸಾಕಷ್ಟಿವೆ. ಅದಕ್ಕೆ ಕಾರಣ ವಿಚಿತ್ರ: ಆ ನೆಲವನ್ನು ಒಮ್ಮೆ ಪೂರ್ತಿ ಅಗೆದು ಹಾಕಿದ್ದರು. ಕಲ್ಲಿದ್ದಲು, ಜೇಡಿಮಣ್ಣು, ಜಲ್ಲಿ, ಮರಳು ಎಲ್ಲವನ್ನೂ ತೆಗೆದ ಮೇಲೆ ಉಳಿದದ್ದು ಹೊಂಡ ಮತ್ತು ಕಪ್ಪು ಮಣ್ಣಿನ ಗುಡ್ಡೆ. 1990ರ ದಶಕದಲ್ಲಿ ಲೆಸ್ಟರ್‌ಶೈರ್, ಡರ್ಬಿಶೈರ್, ಸ್ಟಾಫರ್ಡ್‌ಶೈರ್‌ಗಳ ಸುಮಾರು 200 ಚದರ ಮೈಲಿಯಲ್ಲಿ ನ್ಯಾಷನಲ್ ಫಾರೆಸ್ಟ್ ಎಂಬ ಯೋಜನೆ ಶುರುವಾಯಿತು. ಇಲ್ಲಿಯವರೆಗೆ 90 ಲಕ್ಷಕ್ಕೂ ಜಾಸ್ತಿ ಗಿಡ ನೆಟ್ಟಿದ್ದಾರೆ. ಗಣಿ ಮುಚ್ಚಿ ಕೆಲಸ ಕಳೆದುಕೊಂಡ ಊರುಗಳ ಪಕ್ಕದಲ್ಲೇ ಕಾಡು ಎದ್ದಿದೆ. ಹೊಸದಾಗಿ ಹಾಸಿದ ದಾರಿಗಳಾದ್ದರಿಂದ ಹಳೆಯ ಕಾಡಿನ ಬೇರು, ಬಂಡೆಗಳ ಕಾಟ ಕಡಿಮೆ. ಬಗ್ಗಿ ತಳ್ಳುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಮೊದಲು ಊರಿಗೆ ಹತ್ತಿರದ್ದು, ವಾಟರ್‌ಮೀಡ್ ಕಂಟ್ರಿ ಪಾರ್ಕ್. ಇದು ನ್ಯಾಷನಲ್ ಫಾರೆಸ್ಟಿನ ಒಳಗಿಲ್ಲ, ಬರ್ಸ್ಟಾಲ್ ಮತ್ತು ಥರ್ಮಾಸ್ಟನ್ ನಡುವೆ ಸೋರ್ ನದಿಯ ಬಯಲಿನಲ್ಲಿದೆ. ಮನೆ ಕಟ್ಟಲು ಮರಳು, ಜಲ್ಲಿ ತೆಗೆದ ಹೊಂಡಗಳೇ ಇಂದಿನ ಕೆರೆಗಳು. ಜಲ್ಲಿ ಅಗೆಯುವಾಗ ಮ್ಯಾಮತ್ ಆನೆಯ ಮೂಳೆಗಳೂ ಸಿಕ್ಕಿದ್ದರಿಂದ ಒಂದು ದಿಬ್ಬದ ಮೇಲೆ ಮ್ಯಾಮತ್ ಶಿಲ್ಪ ನಿಲ್ಲಿಸಿದ್ದಾರೆ. ಮಗಳಿಗೆ ಅದೊಂದೇ ಸಾಕು. ದಾರಿ ಅಂಗೈಯಂತೆ ಸಪಾಟು, ದಿಬ್ಬ ಹತ್ತದಿದ್ದರೆ ಏರೇ ಇಲ್ಲ. ಅಪ್ಪ ಇಲ್ಲಿ ಕೋಲು ಹಿಡಿಯದೆ ನಡೆಯುತ್ತಾರೆ.

ತೊಂದರೆ ಎರಡು. ಚಳಿಗಾಲದಲ್ಲಿ ಸೋರ್ ನದಿ ಉಕ್ಕಿದರೆ ದಾರಿಯೇ ನೀರಿನೊಳಗೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಬಂದ ವಾರ ಅತ್ತ ತಲೆ ಹಾಕಬೇಡಿ. ಎರಡನೆಯದು ಬಾತುಗಳು. ಕೆನಡಾ ಗೂಸ್ ಎಂಬ ದಪ್ಪ ಬಾತುಗಳು ದಾರಿಯುದ್ದಕ್ಕೂ ಹಸಿರು ಹಿಕ್ಕೆ ಹಾಕಿರುತ್ತವೆ, ಬಗ್ಗಿಯ ಚಕ್ರಕ್ಕೆ ಮೆತ್ತಿದರೆ ಕಾರಿನ ಡಿಕ್ಕಿ ಒಂದು ವಾರ ನಾರುತ್ತದೆ. ಹಳೆಯ ಟವೆಲ್ ಒಂದು ಇಟ್ಟುಕೊಳ್ಳಿ. ಇನ್ನೊಂದು ಮಾತು: ಇದು ಕಾಡು ಅನ್ನಿಸುವುದಿಲ್ಲ. ರಸ್ತೆಯ ಸದ್ದು ಆಗಾಗ ಕೇಳುತ್ತಲೇ ಇರುತ್ತದೆ. ಆದರೂ ಅಮ್ಮನ ಮತ ಇದಕ್ಕೇ. ವಾಪಸ್ ಬರುವಾಗ ಮೆಲ್ಟನ್ ರೋಡ್ ಸಿಗುತ್ತದೆ, ಅಲ್ಲಿ ಗುಜರಾತಿ ಅಂಗಡಿಗಳಲ್ಲಿ ಕರಿಬೇವು, ಮೆಂತ್ಯೆ ಸೊಪ್ಪು, ಹಾಗಲಕಾಯಿ ಎಲ್ಲ ತಾಜಾ. ನಡಿಗೆಯೂ ಆಯ್ತು, ಸಂತೆಯೂ ಆಯ್ತು ಅನ್ನೋದು ಅವರ ಲೆಕ್ಕ.

ಇಬ್‌ಸ್ಟಾಕ್ ಪಕ್ಕದ ಸೆನ್ಸ್ ವ್ಯಾಲಿ ಫಾರೆಸ್ಟ್ ಪಾರ್ಕ್ ಬೇರೆಯೇ ತರಹ. ಇಲ್ಲಿ ಸುರಂಗ ಕೊರೆಯದೆ ನೆಲವನ್ನೇ ಮೇಲಿಂದ ಬಗೆದು ಕಲ್ಲಿದ್ದಲು ತೆಗೆದರು. ಕೆಲಸ ಮುಗಿದ ಮೇಲೆ ಹೊಂಡವನ್ನು ತುಂಬಿ, ಕಣಿವೆಯ ಆಕಾರ ಕೊಟ್ಟು, ಕೆರೆ ಮಾಡಿ, ಗಿಡ ನೆಟ್ಟು 1998ರಲ್ಲಿ ಜನರಿಗೆ ತೆರೆದರು. ಸುಮಾರು 150 ಎಕರೆ. ಕಾರು ನಿಲ್ಲಿಸಿ ಇಳಿದ ಕೂಡಲೇ ಇಡೀ ಕಣಿವೆ ಕಣ್ಣ ಮುಂದೆ. ನೋಟದ ಮಟ್ಟಿಗೆ ಈ ಪಟ್ಟಿಯಲ್ಲಿ ಇದೇ ಮೊದಲು, ಎರಡನೇ ಮಾತಿಲ್ಲ. ಹಕ್ಕಿ ನೋಡಲು ಮರದ ಗುಡಿಸಲು ಇದೆ. ಅದರ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ಮಗಳು ಮಾತಿಲ್ಲದೆ ಕೂತದ್ದು ಕಂಡು ನನಗೇ ಆಶ್ಚರ್ಯವಾಯಿತು.

ಆದರೆ ಆ ನೋಟಕ್ಕೆ ಬೆಲೆ ಇದೆ. ಕಾರು ಮೇಲೆ, ಕೆರೆ ಕೆಳಗೆ. ಹೋಗುವಾಗ ಇಳಿಜಾರು, ಬರುವಾಗ ಏರು. ಮಂಡಿ ನೋವಿನವರಿಗೆ ಏರಿಗಿಂತ ಇಳಿಜಾರೇ ಜಾಸ್ತಿ ಕಷ್ಟ ಅನ್ನೋದು ನಮಗೆ ಗೊತ್ತಾದದ್ದು ಇಲ್ಲೇ. ಅಪ್ಪ ಅರ್ಧ ದಾರಿಯಲ್ಲಿ ಬೆಂಚು ಹಿಡಿದು ಕೂತರು. ನಮ್ಮದು ಸುತ್ತು ದಾರಿ, ಅವರನ್ನು ಕರೆದುಕೊಂಡು ಹೋಗಲು ಮತ್ತೆ ಅಲ್ಲಿಗೇ ಬರಬೇಕು. ಮಳೆಯಾದ ಮೇಲೆ ಹುಲ್ಲಿನ ಜಾಗಗಳಲ್ಲಿ ನೀರು ಇಂಗುವುದೂ ಇಲ್ಲ. ದೊಡ್ಡ ಯಂತ್ರಗಳು ಓಡಾಡಿ ಗಟ್ಟಿಯಾದ ಜೇಡಿಮಣ್ಣು, ನೀರು ಮೇಲೇ ನಿಲ್ಲುತ್ತದೆ. ಜಲ್ಲಿ ಹಾಕಿದ ದಾರಿ ಬಿಟ್ಟು ಇಳಿಯದಿದ್ದರೆ ತೊಂದರೆ ಇಲ್ಲ. ಊಟ-ತಿಂಡಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ನಿಮ್ಮ ತಂಡದಲ್ಲಿ ಎಲ್ಲರ ಮಂಡಿಯೂ ಗಟ್ಟಿ ಇದ್ದರೆ ಮುಂದೆ ಓದುವುದೇ ಬೇಡ, ಇಲ್ಲಿಗೇ ಹೋಗಿ.

ಇನ್ನು ನನ್ನ ಮತ ಬಿದ್ದದ್ದು ಡೋನಿಸ್‌ಥಾರ್ಪ್‌ನಿಂದ ಮೊಯ್ರಾಗೆ ಹೋಗುವ ದಾರಿಗೆ. ಲೆಸ್ಟರ್‌ನಿಂದ ಮುಕ್ಕಾಲು ಗಂಟೆಯ ಡ್ರೈವ್, ಈ ಮೂರರಲ್ಲಿ ದೂರದ್ದು. ಡೋನಿಸ್‌ಥಾರ್ಪ್ ಗಣಿ 1990ರಲ್ಲಿ ಮುಚ್ಚಿತು. ಗಣಿ ಇದ್ದ ಜಾಗವೇ ಈಗ ವುಡ್‌ಲ್ಯಾಂಡ್ ಪಾರ್ಕ್. ಮರಗಳನ್ನು ಗಮನಿಸಿ: ಬರ್ಚ್, ಆಲ್ಡರ್, ಪೈನ್. ಸಾರವಿಲ್ಲದ ಗಣಿ ಮಣ್ಣಿನಲ್ಲಿ ಬದುಕುವುದು ಇಂಥವೇ. ಆಲ್ಡರ್ ನಮ್ಮ ತೊಗರಿ, ಹೆಸರಿನ ಹಾಗೆ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಟ್ಟು ಮಣ್ಣಿಗೆ ಕಸುವು ತುಂಬುತ್ತದೆ. ಎಲ್ಲವೂ ಒಂದೇ ವಯಸ್ಸಿನವು, ಕೆಲವು ಕಡೆ ಸಾಲು ಇನ್ನೂ ಎದ್ದು ಕಾಣುತ್ತದೆ. ಮೊಲ ತೋಡಿದ ಒಂದು ಬಿಲದ ಬಾಯಲ್ಲಿ ಮಣ್ಣು ಇದ್ದಿಲಿನಷ್ಟು ಕಪ್ಪಗಿತ್ತು. ಮಗಳು ಅದರಿಂದ ಹಪ್ಪಳದ ಚೂರಿನಷ್ಟು ತೆಳು ಕಲ್ಲೊಂದನ್ನು ಎತ್ತಿ ಉಜ್ಜಿದಳು, ಬೆರಳೆಲ್ಲ ಕಪ್ಪು. ಕಾಲ ಕೆಳಗೆ ಏನಿದೆ ಅಂತ ಬೋರ್ಡ್ ಓದಿ ಹೇಳಬೇಕಾಗಲಿಲ್ಲ.

ಪಾರ್ಕಿನ ಪಕ್ಕದಲ್ಲೇ ಆಶ್ಬಿ ಕಾಲುವೆ. ಗಣಿಗಳಿಂದ ನೆಲ ಕುಸಿದು ಈ ಕಾಲುವೆಯ ಉತ್ತರದ ತುದಿ ಹಿಂದೆಯೇ ಮುಚ್ಚಿಹೋಗಿತ್ತು. ಡೋನಿಸ್‌ಥಾರ್ಪ್-ಮೊಯ್ರಾ ನಡುವಿನ ತುಂಡನ್ನು ಆಮೇಲೆ ಹೊಸದಾಗಿ ತೋಡಿ ನೀರು ತುಂಬಿದ್ದಾರೆ. ಉಳಿದ ಕಾಲುವೆ ಜಾಲಕ್ಕೆ ಇನ್ನೂ ಸೇರಿಲ್ಲ, ಹಾಗಾಗಿ ದೋಣಿಗಳ ಸಂದಣಿ ಇಲ್ಲ. ಕಾಲುವೆ ಅಂದ ಮೇಲೆ ದಂಡೆ ಸಪಾಟು ಇರಲೇಬೇಕಲ್ವಾ? ಒಂದು ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಕಟ್ಟೆ) ಇರುವ ಕಡೆ ಸ್ವಲ್ಪ ಏರು, ಅಷ್ಟೇ. ನೀರಿನ ಅಂಚಿಗೆ ಬೇಲಿ ಇಲ್ಲದ ಕಡೆ ಚಿಕ್ಕ ಮಕ್ಕಳ ಕೈ ಬಿಡಬೇಡಿ.

ಮೈಲಿಯ ಆಸುಪಾಸು ನಡೆದರೆ ಮೊಯ್ರಾ ಫರ್ನೇಸ್ ಸಿಗುತ್ತದೆ. 1800ರ ದಶಕದ ಆರಂಭದಲ್ಲಿ ಕಬ್ಬಿಣ ಕರಗಿಸಲು ಕಟ್ಟಿದ ಇಟ್ಟಿಗೆಯ ದೊಡ್ಡ ಕುಲುಮೆ. ಕೆಲವೇ ವರ್ಷ ಉರಿದು ತಣ್ಣಗಾಯಿತು. ಕಟ್ಟಿಸಿದವನು ಮೊಯ್ರಾದ ಅರ್ಲ್, ಅಂದರೆ ನಮ್ಮ ಇತಿಹಾಸದ ಪಾಠದಲ್ಲಿ ಬರುವ ಲಾರ್ಡ್ ಹೇಸ್ಟಿಂಗ್ಸ್! 1813ರಿಂದ 1823ರವರೆಗೆ ಗವರ್ನರ್ ಜನರಲ್ ಆಗಿದ್ದವನು. ಇವನ ಕಾಲದಲ್ಲೇ ಪೇಶ್ವೆಯರ ಆಳ್ವಿಕೆ ಮುಗಿದು 1818ರ ಹೊತ್ತಿಗೆ ಧಾರವಾಡ ಸೀಮೆ ಕಂಪನಿಯ ಕೈಗೆ ಹೋಯಿತು. ಅಪ್ಪ ಧಾರವಾಡದವರು. "ನಮ್ಮೂರು ತಗೊಂಡವನ ಮನೆ ಅಂಗಳಕ್ಕೇ ನನ್ನ ಕರ್ಕೊಂಡು ಬಂದಿಯಲ್ಲೋ" ಅಂದರು. ಮಗಳಿಗೆ ಬೇಕಾದ ಕಥೆ ಬೇರೆ: ಆ ಹೇಸ್ಟಿಂಗ್ಸ್ ಸಾಯುವ ಮೊದಲು, ತನ್ನ ಬಲಗೈ ಕತ್ತರಿಸಿ ಇಟ್ಟು ಮುಂದೆ ಹೆಂಡತಿಯ ಜೊತೆ ಹೂಳಬೇಕು ಅಂತ ಹೇಳಿ ಹೋಗಿದ್ದನಂತೆ. ಮುಂದಿನ ಅರ್ಧ ಗಂಟೆ ಅವಳ ಬಾಯಲ್ಲಿ ಬೇರೆ ಮಾತಿಲ್ಲ.

ಫರ್ನೇಸ್ ದಾಟಿ ಇನ್ನೂ ಸ್ವಲ್ಪ ಮುಂದೆ ಹೋದರೆ ಕಾಂಕರ್ಸ್. ಅದು ಟಿಕೆಟ್ ಕೊಟ್ಟು ಒಳಗೆ ಹೋಗುವ ಜಾಗ. ಮಣ್ಣು, ನೀರು, ಮರದ ಚೂರಿನ ಮೇಲೆ ಬರಿಗಾಲಲ್ಲಿ ನಡೆಯುವ ದಾರಿಯೊಂದಿದೆ, ಮಕ್ಕಳಿಗೆ ಹಬ್ಬ. ದಿನವಿಡೀ ಇರುವುದಾದರೆ ಮಾತ್ರ ದುಡ್ಡು ಕೊಡಿ. ಸುಮ್ನೆ ನಡೆಯಲು ಬಂದವರಿಗೆ ಕಾಲುವೆಯೇ ಸಾಕು.

ಕೋಲ್‌ವಿಲ್ ಊರಿನ ಸ್ನಿಬ್‌ಸ್ಟನ್ ಎಂಬ ಹಳೆಯ ಕಲ್ಲಿದ್ದಲು ಗಣಿಯ ಬಗ್ಗೆಯೂ ಜನ ಕೇಳುತ್ತಾರೆ. ಗಣಿಯ ಎತ್ತರದ ಚಕ್ರದ ಗೋಪುರಗಳನ್ನು ಅಲ್ಲಿ ಹಾಗೇ ಉಳಿಸಿದ್ದಾರೆ, ಅವನ್ನು ನೋಡಲು ಒಮ್ಮೆ ಹೋಗಬಹುದು. ನಡಿಗೆ ಮಾತ್ರ ಸಾಧಾರಣ.

ಮೊಯ್ರಾ ದಾರಿ ನನಗೆ ಹಿಡಿಸಲು ನಿಜವಾದ ಕಾರಣ ಕಾಲುವೆಯೂ ಅಲ್ಲ, ಕುಲುಮೆಯೂ ಅಲ್ಲ. ಇದು ಸುತ್ತು ದಾರಿ ಅಲ್ಲ, ನೇರ ದಾರಿ, ಮತ್ತು ಎರಡೂ ತುದಿಗೆ ಕಾರು ಬರುತ್ತದೆ. ವಯಸ್ಸಾದವರು ಜೊತೆಗಿದ್ದರೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಡೋನಿಸ್‌ಥಾರ್ಪ್ ಕಡೆಯಿಂದಲೇ ಶುರು ಮಾಡಿ, ಕಾಡು ಮೊದಲು ಸಿಗುತ್ತದೆ, ಎಲ್ಲರಿಗೂ ಆಗ ಉತ್ಸಾಹ ಇರುತ್ತದೆ. ಫರ್ನೇಸ್ ಹತ್ತಿರ ಬುತ್ತಿ ಬಿಚ್ಚಿ. ಯಾರಿಗಾದರೂ ಸಾಕು ಅನ್ನಿಸಿದರೆ ಅವರನ್ನು ಅಲ್ಲೇ ಬೆಂಚಿನ ಮೇಲೆ ಫ್ಲಾಸ್ಕಿನ ಚಹಾ ಕೊಟ್ಟು ಕೂರಿಸಿ, ಒಬ್ಬರು ಹಿಂದಕ್ಕೆ ನಡೆದು ಕಾರು ತರಬಹುದು. ನಮ್ಮಲ್ಲಿ ಆ ಕೆಲಸ ನನ್ನದು, ಅರ್ಧ ಗಂಟೆಯೊಳಗೆ ಮುಗಿಯುತ್ತದೆ.