ಏಟು ಎಲ್ಲಿ ಬಿತ್ತು? ಹೊಡೆದಾಟ ಚಿತ್ರೀಕರಿಸುವ ವಿಧಾನಗಳ ಹೋಲಿಕೆ

ಕಿರುಚಿತ್ರಗಳಿಗೂ ಸಣ್ಣ ಬಂಡವಾಳದ ವೆಬ್ ಸರಣಿಗಳಿಗೂ ಕ್ಯಾಮೆರಾ ಹಿಡಿಯುವ ನನ್ನಂಥವರ ಪಾಲಿಗೆ ಫೈಟ್ ಎಂದರೆ ಸಾಮಾನ್ಯವಾಗಿ ಬಾಡಿಗೆಗೆ ಪಡೆದ ಒಂದು ಗೋದಾಮು, ಇಬ್ಬರು ಮೂವರು ನಟರು ಮತ್ತು ಬೆಳಗಾಗುವುದರೊಳಗೆ ಮುಗಿಸಬೇಕಾದ ಕೆಲಸ. ಹಗ್ಗ, ಕ್ರೇನು, ನಾಲ್ಕಾರು ಕ್ಯಾಮೆರಾಗಳ ಅನುಕೂಲ ಇಲ್ಲದಿರುವಾಗ ಯಾವ ವಿಧಾನ ನಿಜವಾಗಿ ಕೈಹಿಡಿಯುತ್ತದೆ ಎಂದು ತಿಳಿಯಲು, ಅರ್ಧ ನಿಮಿಷದ ಒಂದೇ ಹೊಡೆದಾಟವನ್ನು ಟ್ರೈಪಾಡ್ ಮೇಲಿಟ್ಟು, ಕೈಯಲ್ಲಿ ಹಿಡಿದು, ಗಿಂಬಲ್‌ಗೆ (ಅಲುಗಾಟ ತಡೆಯುವ ಹಿಡಿಕೆಗೆ) ಕಟ್ಟಿ ಬೇರೆ ಬೇರೆಯಾಗಿ ಚಿತ್ರೀಕರಿಸಿದೆ. ಶಟರನ್ನೂ ವೇಗವನ್ನೂ ಬದಲಿಸಿದೆ. ಎಲ್ಲವನ್ನೂ ಎಡಿಟಿಂಗ್‌ನಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಫೈಟ್ ಕಂಪೋಸ್ ಮಾಡಿದವರು ಒಬ್ಬರೇ, ನಟರೂ ಅವರೇ ಇಬ್ಬರು. ಒಬ್ಬರು ಕರಾಟೆ ಕಲಿತವರು. ಇನ್ನೊಬ್ಬರು ರಂಗಭೂಮಿಯಿಂದ ಬಂದವರು, ಮುಷ್ಟಿ ಬೀಸಿ ಅಭ್ಯಾಸವಿಲ್ಲದವರು. ಯಾವ ವಿಧಾನ ಯಾರಿಗೆ ಒಪ್ಪುತ್ತದೆ ಎಂಬುದನ್ನು ಬಹುಮಟ್ಟಿಗೆ ಈ ವ್ಯತ್ಯಾಸವೇ ನಿರ್ಧರಿಸಿತು.

ಮೊದಲನೆಯದು ಟ್ರೈಪಾಡ್ ಮತ್ತು ದೂರದ್ದನ್ನು ಹತ್ತಿರ ತೋರುವ 85 ಮಿ.ಮೀ. ಲೆನ್ಸ್. ಸಿನಿಮಾದ ಏಟು ಮೈಗೆ ಬೀಳುವುದಿಲ್ಲ. ಮುಷ್ಟಿ ದವಡೆಯ ಮುಂದೆ ಸುಮಾರು ಅರ್ಧ ಅಡಿ ಅಂತರದಲ್ಲಿ ಹಾದುಹೋಗುತ್ತದೆ. ಹೊಡೆಯುವವನ ಕೈ, ಹೊಡೆಸಿಕೊಳ್ಳುವವನ ಮುಖ ಮತ್ತು ಲೆನ್ಸ್ ಮೂರೂ ಒಂದೇ ಗೆರೆಗೆ ಬಂದಾಗ ಮಾತ್ರ ಆ ಅಂತರ ಮರೆಯಾಗುತ್ತದೆ. ಆದ್ದರಿಂದ ಕ್ಯಾಮೆರಾ ಇಬ್ಬರಲ್ಲಿ ಒಬ್ಬರ ಭುಜದ ಹಿಂದಿರಬೇಕು. ಪಕ್ಕಕ್ಕೆ ಸರಿದರೆ ಮುಷ್ಟಿಗೂ ಮುಖಕ್ಕೂ ನಡುವಿನ ಗಾಳಿ ಎಲ್ಲರಿಗೂ ಕಾಣುತ್ತದೆ. ದೂರ ನಿಂತು ಉದ್ದ ಲೆನ್ಸ್ ಹಾಕಿದಾಗ ಹಿಂದುಮುಂದಿನ ಅಂತರ ಇನ್ನಷ್ಟು ಅಡಕವಾಗಿ ಕಾಣುವುದರಿಂದ, ನಟರನ್ನು ಒಂದು ಹೆಜ್ಜೆ ಹೆಚ್ಚು ದೂರ ನಿಲ್ಲಿಸಿದರೂ ಏಟು ನಂಬುವಂತಿತ್ತು. ಅಚ್ಚರಿಯೆಂದರೆ, ಈ ಚೌಕಟ್ಟಿನಲ್ಲಿ ಗೆದ್ದವರು ಕರಾಟೆಯವರಲ್ಲ, ರಂಗಭೂಮಿಯವರು. ಕತ್ತು ಹೊರಳಿಸುವ ಕ್ಷಣ, ಕಾಲು ತಪ್ಪುವ ರೀತಿ, ನೋವು ಮುಖಕ್ಕೆ ಬರುವ ಕ್ರಮ ಇವೆಲ್ಲ ಅವರಿಗೆ ಗೊತ್ತಿತ್ತು. ಏಟನ್ನು ‘ಮಾರುವವನು’, ಅಂದರೆ ನಂಬಿಸುವವನು, ಅದನ್ನು ತಿನ್ನುವವನೇ ಎಂದು ಫೈಟ್ ಮಾಸ್ಟರ್‌ಗಳು ಹೇಳುವುದು ಸುಮ್ಮನೆ ಅಲ್ಲ. ಈ ವಿಧಾನದ ತೊಂದರೆ ಬೇರೆ ಕಡೆ ಇದೆ. ನಟ ತನ್ನ ಗುರುತಿನಿಂದ ಒಂದು ಗೇಣು ಸರಿದರೂ ಗೆರೆ ಮುರಿಯುತ್ತದೆ, ಫೋಕಸ್ ಜಾರುತ್ತದೆ. ಒಂದೊಂದು ಏಟಿಗೂ ಕ್ಯಾಮೆರಾ ಎತ್ತಿ ಹೊಸ ಜಾಗಕ್ಕೆ ಇಡಬೇಕಾಗುವುದರಿಂದ ರಾತ್ರಿ ಬೇಗ ಖರ್ಚಾಗುತ್ತದೆ.

ಎರಡನೆಯದು ಅಗಲ ನೋಟದ 24 ಮಿ.ಮೀ. ಲೆನ್ಸ್ ಹಾಕಿ ಕೈಯಲ್ಲೇ ಹಿಡಿದು ತೆಗೆದದ್ದು. ಮೊದಲ ನೋಟಕ್ಕೆ ಇದೇ ಎಲ್ಲಕ್ಕಿಂತ ಬಿಸಿಯಾಗಿ ಕಂಡಿತು ಮತ್ತು ಅಭ್ಯಾಸವಿಲ್ಲದ ನಟನ ಕೈಬೀಸನ್ನು ಚೆನ್ನಾಗಿಯೇ ಮುಚ್ಚಿತು. ಆದರೆ ಶಬ್ದ ನಿಲ್ಲಿಸಿ ಮತ್ತೆ ನೋಡಿದಾಗ ಏಟು ಎಲ್ಲಿ ಬಿತ್ತು, ಯಾರು ಗೋಡೆಯ ಕಡೆ ಇದ್ದಾರೆ, ಯಾರು ಬಾಗಿಲ ಕಡೆ ಎಂಬುದು ತಿಳಿಯದಾಯಿತು. ಏನೋ ಗಲಾಟೆ ನಡೆಯುತ್ತಿದೆ ಎಂದು ನೋಡುಗ ನಂಬುತ್ತಾನೆ, ಆದರೆ ಯಾರಿಗೂ ನೋವಾದಂತೆ ಅವನಿಗೆ ಅನಿಸುವುದಿಲ್ಲ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು: ಉದ್ದಕ್ಕೂ ಒಂದೇ ಸಮನೆ ಅಲುಗಾಡುವ ಕ್ಯಾಮೆರಾ ಬೇರೆ, ಏಟಿಗೆ ಓಗೊಟ್ಟು ಅಲುಗಾಡುವ ಕ್ಯಾಮೆರಾ ಬೇರೆ. ಮುಷ್ಟಿ ಹೋದ ದಿಕ್ಕಿಗೇ ಕ್ಯಾಮೆರಾವನ್ನೂ ಸ್ವಲ್ಪ ತಿರುಗಿಸಿ, ತಗುಲಬೇಕಾದ ಕ್ಷಣದಲ್ಲಿ ಥಟ್ಟನೆ ನಿಲ್ಲಿಸಿದ ಟೇಕ್‌ಗಳು ಉಳಿದವಕ್ಕಿಂತ ಬಹಳ ಮೇಲಿದ್ದವು. ಇದಕ್ಕೆ ಕ್ಯಾಮೆರಾ ಹಿಡಿದವನೂ ಫೈಟನ್ನು ನಟರಷ್ಟೇ ಬಾಯಿಪಾಠ ಮಾಡಿರಬೇಕು. ಅಗ್ಗದ ಕ್ಯಾಮೆರಾಗಳಲ್ಲಿ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ, ನಿಧಾನವಾಗಿ ಓದುವುದರಿಂದ, ಜೋರಾಗಿ ತಿರುಗಿಸಿದಾಗ ಗೋದಾಮಿನ ಕಂಬಗಳು ಓರೆಯಾಗಿ ವಾಲಿದಂತೆ ಕಾಣುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗಿಂಬಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಓಟಕ್ಕೆ, ಮೆಟ್ಟಿಲು ಹತ್ತಿ ಬೆನ್ನಟ್ಟುವುದಕ್ಕೆ ಅದಕ್ಕಿಂತ ಅನುಕೂಲದ ಸಾಧನ ನಮ್ಮ ಕೈಗೆಟಕುವ ಬೆಲೆಯಲ್ಲಿ ಇನ್ನೊಂದಿಲ್ಲ. ಹೊಡೆತಕ್ಕೆ ಮಾತ್ರ ಅದು ಸಲ್ಲದು. ಅದರ ನುಣುಪಾದ ಚಲನೆ ಏಟಿನ ತೂಕವನ್ನೆಲ್ಲ ಹೀರಿಕೊಂಡು, ಹೊಡೆದಾಟವನ್ನು ಬೆಣ್ಣೆಯ ಮೇಲೆ ಕೈಯಾಡಿಸಿದಂತೆ ಮಾಡಿಬಿಡುತ್ತದೆ.

ಶಟರ್, ಅಂದರೆ ಒಂದೊಂದು ಫ್ರೇಮಿಗೆ (ಬಿಡಿ ಚಿತ್ರಕ್ಕೆ) ಬೆಳಕು ಬೀಳಬಿಡುವ ಹೊತ್ತು, ವಿಷಯದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿತ್ತು. ಆ ಹೊತ್ತನ್ನು ಕೋನದ ಡಿಗ್ರಿಗಳಲ್ಲಿ ಹೇಳುವುದು ರೂಢಿ. ಸೆಕೆಂಡಿಗೆ 24 ಫ್ರೇಮ್ ವೇಗದಲ್ಲಿ 180 ಡಿಗ್ರಿ ಶಟರ್ ಎಂದರೆ ಪ್ರತಿ ಫ್ರೇಮಿಗೂ ಸೆಕೆಂಡಿನ 1/48 ಭಾಗದಷ್ಟು ಹೊತ್ತು ಬೆಳಕು. 90 ಡಿಗ್ರಿಗೆ 1/96. 45 ಡಿಗ್ರಿಗೆ 1/192. ಕೋನ ಕಿರಿದಾದಷ್ಟೂ ಬೀಸಿದ ಕೈ ಮಸುಕಾಗದೆ ಚೂಪಾಗಿ, ತುಂಡುತುಂಡಾಗಿ ಕಾಣುತ್ತದೆ. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರದ ಕಡಲತೀರದ ಯುದ್ಧವನ್ನು 45 ಮತ್ತು 90 ಡಿಗ್ರಿಗಳಲ್ಲಿ ತೆಗೆದ ಮೇಲೆ ಇದು ಎಲ್ಲ ಕಡೆಯೂ ರೂಢಿಯಾಯಿತು. ಅಲ್ಲಿ ಮರಳು, ಮಣ್ಣು, ನೀರಿನ ಹನಿಗಳು ಸಿಡಿಯುತ್ತವೆ, ಆ ಚೂಪಿಗೆ ಹಿಡಿದುಕೊಳ್ಳಲು ಏನಾದರೂ ಇದೆ. ಖಾಲಿ ಗೋದಾಮಿನಲ್ಲಿ ಬರಿಗೈ ಹೊಡೆದಾಟಕ್ಕೆ 45 ಡಿಗ್ರಿ ಇಟ್ಟಾಗ, ಮುಷ್ಟಿ ಮುಖಕ್ಕೆ ತಾಗಿಲ್ಲ ಎಂಬುದೇ ಎದ್ದು ಕಂಡಿತು, ಏಕೆಂದರೆ ಆ ಅಂತರವನ್ನು ಮುಚ್ಚುತ್ತಿದ್ದದ್ದು ಆ ಮಸುಕೇ. 90 ಡಿಗ್ರಿ ಒಳ್ಳೆಯ ಮಧ್ಯಮಾರ್ಗ. ಇದರ ಜೊತೆಗೆ ನಮ್ಮ ವಿದ್ಯುತ್ತಿನ ಸಂಗತಿಯೂ ಸೇರುತ್ತದೆ. ಭಾರತದಲ್ಲಿ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಹಳೆಯ ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಶಟರ್ 1/50 ಅಥವಾ 1/100 ಇದ್ದರೆ ಚಿತ್ರ ಶುದ್ಧವಾಗಿರುತ್ತದೆ, 1/192 ಇದ್ದರೆ ಪಟ್ಟೆಗಳು ಓಡಾಡುತ್ತವೆ. 180ರ ಬದಲು 172.8 ಡಿಗ್ರಿ, 90ರ ಬದಲು 86.4 ಡಿಗ್ರಿ ಇಟ್ಟುಕೊಂಡರೆ 24 ಫ್ರೇಮಿನಲ್ಲಿ ಈ ಕಾಟ ತಪ್ಪುತ್ತದೆ. ನಿಧಾನಗತಿಗೂ ಇದೇ ಕಾರಣಕ್ಕೆ 120 ಫ್ರೇಮಿಗಿಂತ 100 ಫ್ರೇಮ್ ವಾಸಿ.

ವೇಗ ಹೆಚ್ಚಿಸುವುದಕ್ಕೆ ಎರಡು ದಾರಿಗಳನ್ನು ಪರೀಕ್ಷಿಸಿದೆ. ಒಂದು, 22 ಫ್ರೇಮಿನಲ್ಲಿ ತೆಗೆದು 24ರಲ್ಲಿ ಓಡಿಸುವುದು. ಇದರಿಂದ ಹೊಡೆದಾಟ ಶೇಕಡಾ 9ರಷ್ಟು ಚುರುಕಾಗುತ್ತದೆ, ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ. ಇನ್ನೊಂದು, 24ರಲ್ಲೇ ತೆಗೆದು ಎಡಿಟಿಂಗ್‌ನಲ್ಲಿ ಅಷ್ಟೇ ವೇಗ ಏರಿಸುವುದು; ಆಗ ಸುಮಾರು ಹನ್ನೆರಡಕ್ಕೊಂದು ಫ್ರೇಮ್ ಬಿದ್ದುಹೋಗುವುದರಿಂದ ಕ್ಯಾಮೆರಾ ತಿರುಗುವ ಶಾಟ್‌ಗಳಲ್ಲಿ ಸಣ್ಣ ಎಡವು ಕಾಣುತ್ತದೆ. ಮೊದಲನೆಯದೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಅದನ್ನು ಸೆಟ್‌ನಲ್ಲೇ ನಿರ್ಧರಿಸಬೇಕು, ಆ ಶಾಟ್‌ನಲ್ಲಿ ಮಾತು ಇರಬಾರದು. 20 ಫ್ರೇಮಿಗೆ ಇಳಿಸಿದಾಗ ಕರಾಟೆಯವರ ಒದೆತ ಕೂಡ ಮೂಕಿಚಿತ್ರದ ಹಾಸ್ಯವಾಯಿತು. ಕೈಕಾಲಿಗಿಂತ ಮೊದಲು ಬಟ್ಟೆ ಮತ್ತು ಕೂದಲು ಗುಟ್ಟು ಬಿಟ್ಟುಕೊಡುತ್ತವೆ.

ಕತ್ತರಿಸುವ ಕ್ರಮಗಳನ್ನು ಹೋಲಿಸಿದಾಗ ನನಗೆ ಹೆಚ್ಚು ಲಾಭವಾದದ್ದು ಹಾಂಗ್‌ಕಾಂಗ್‌ನವರ ಹಳೆಯ ಉಪಾಯದಿಂದ. ಏಟು ತಗುಲುವ ಕ್ಷಣಕ್ಕೆ ಎರಡು ಶಾಟ್‌ಗಳನ್ನು ಜೋಡಿಸುವಾಗ, ಎರಡನೆಯದನ್ನು ಎರಡು ಮೂರು ಫ್ರೇಮ್ ಹಿಂದಿನಿಂದ ಆರಂಭಿಸಿದರೆ ಆ ಏಟು ಕೂದಲೆಳೆಯಷ್ಟು ಎರಡು ಬಾರಿ ಕಾಣುತ್ತದೆ; ಕಣ್ಣು ಅದನ್ನು ಪುನರಾವರ್ತನೆ ಎಂದು ಗುರುತಿಸದೆ ಭಾರ ಎಂದು ಗ್ರಹಿಸುತ್ತದೆ. ಲೆಕ್ಕಪ್ರಕಾರ ಸರಿಯಾಗಿ ಜೋಡಿಸಿದ ಕಟ್ ಇದರ ಪಕ್ಕದಲ್ಲಿ ಹಗುರವಾಗಿ ಕಂಡಿತು. ಏಟಿಗೆ ಮುಂಚೆಯೇ ಕತ್ತರಿಸಿ ಬಿದ್ದವನನ್ನು ತೋರಿಸುವುದು, ಈಚೆಗೆ ನಮ್ಮಲ್ಲಿಯೂ ಬೆಳೆದಿರುವ ಚಾಳಿ, ನಟನ ದೌರ್ಬಲ್ಯವನ್ನು ಮರೆಸುತ್ತದೆ ನಿಜ, ಆದರೆ ನೋಡುಗ ಕಾದಿದ್ದ ಕ್ಷಣವನ್ನೇ ಕದಿಯುತ್ತದೆ. ವೇಗವಾಗಿ ಕತ್ತರಿಸಲೇಬೇಕಾದಾಗ 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಪಾಲಿಸಿದ ಕ್ರಮ ನಿಜವಾಗಿಯೂ ನೆರವಾಯಿತು: ಮುಖ್ಯವಾದುದನ್ನು ಯಾವಾಗಲೂ ಚೌಕಟ್ಟಿನ ನಡುವೆ ಇಡುವುದು. ಪ್ರತಿ ಶಾಟ್‌ಗೂ ಕಣ್ಣು ಹುಡುಕಾಡಬೇಕಿಲ್ಲವಾದ್ದರಿಂದ ಅರ್ಧ ಸೆಕೆಂಡಿನ ತುಣುಕೂ ಅರ್ಥವಾಗುತ್ತದೆ. ಸಂಯೋಜನೆಯ ಸೊಗಸು ಇದರಲ್ಲಿ ಕಡಿಮೆಯಾಗುತ್ತದೆ ಎಂದು ಗೆಳೆಯರೊಬ್ಬರು ಗೊಣಗಿದರು, ಅದೂ ಸುಳ್ಳಲ್ಲ.

ಕೊನೆಯದು ಬೀಳುವ ಶಾಟ್. ಆಳೆತ್ತರದ ಕಟ್ಟೆಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿಯ ಮೇಲೆ, ಅದರ ಮೇಲೊಂದು ಮ್ಯಾಟ್ ಹಾಸಿ ಬೀಳುವುದನ್ನು ಒಂದೇ ಕ್ಯಾಮೆರಾದಿಂದ ಬೇರೆ ಬೇರೆ ಕೋನಗಳಲ್ಲಿ ಮತ್ತೆ ಮತ್ತೆ ತೆಗೆಯುವುದೇ, ಇಲ್ಲವೇ ಒಂದೇ ಬೀಳುವಿಕೆಗೆ ಮೂರು ಕ್ಯಾಮೆರಾ ಇಡುವುದೇ? ಚಿತ್ರದ ಗುಣವೊಂದನ್ನೇ ನೋಡಿದರೆ ಮೊದಲನೆಯದು ಗೆಲ್ಲುತ್ತದೆ, ಏಕೆಂದರೆ ಒಂದೊಂದು ಕೋನಕ್ಕೂ ಬೆಳಕನ್ನು ಬೇರೆಯಾಗಿ ಹೊಂದಿಸಬಹುದು. ಆದರೆ ಪ್ರತಿ ಬಾರಿ ಬಿದ್ದಾಗಲೂ ಕೆಳಗಿನ ಪೆಟ್ಟಿಗೆಗಳು ಜಜ್ಜಿ ಹೋಗುತ್ತವೆ, ಅವನ್ನು ಬದಲಿಸಬೇಕು, ಅಷ್ಟರಲ್ಲಿ ಬೀಳುವವರ ಮೈ ದಣಿದು ಟೈಮಿಂಗ್ ತಪ್ಪುತ್ತದೆ. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರ್‌ನಿಂದ ಹಾರಿದ ಇಬ್ಬರು ಕಲಾವಿದರು ಚಿತ್ರೀಕರಣದ ನಡುವೆಯೇ ಮುಳುಗಿ ಸತ್ತ ಮೇಲೆ, ಕನ್ನಡದ ಯಾವ ಸೆಟ್‌ನಲ್ಲಿಯೂ ‘ಇನ್ನೊಂದು ಸಲ’ ಎಂಬ ಮಾತನ್ನು ಹಗುರವಾಗಿ ಆಡುವಂತಿಲ್ಲ. ಆದ್ದರಿಂದ ಮುಖ್ಯ ಕ್ಯಾಮೆರಾವನ್ನು ಮ್ಯಾಟ್ ಕಾಣದಂತೆ ಕೆಳಕೋನದಲ್ಲಿ ಸಾಮಾನ್ಯ ವೇಗಕ್ಕಿಟ್ಟು, ಎರಡನೆಯದನ್ನು 100 ಫ್ರೇಮಿಗೆ ಹೊಂದಿಸಿ, ಮೂರನೆಯದಾಗಿ ಒಂದು ಮೊಬೈಲನ್ನು ಮೇಲಿನಿಂದ ನೇರ ಕೆಳಕ್ಕೆ ನೋಡುವಂತೆ ಕಂಬಕ್ಕೆ ಬಿಗಿಯುವ ವ್ಯವಸ್ಥೆಯನ್ನು ಆರಿಸಿಕೊಂಡೆ. ಮೊಬೈಲಿನ ಬಣ್ಣ ಉಳಿದವಕ್ಕೆ ಪೂರ್ತಿ ಹೊಂದುವುದಿಲ್ಲ. ಆ ಶಾಟನ್ನು ಹತ್ತು ಹನ್ನೆರಡು ಫ್ರೇಮಿಗಿಂತ ಹೆಚ್ಚು ನಿಲ್ಲಿಸದಿದ್ದರೆ ಅದು ಯಾರ ಗಮನಕ್ಕೂ ಬರುವುದಿಲ್ಲ.